ಹೊಳಪು ಬರುವ ಬಗೆ

ಆಯುಧಪೂಜೆ ಸಮೀಪಿಸಿತೆಂದರೆ ಮೈಸೂರಿನಲ್ಲಿ ಕಾರುಳ್ಳ ಮನೆಗಳಿಗೆಲ್ಲ ಒಂದು ಬಗೆಯ ಹುರುಪು ಬರುತ್ತದೆ. ವರ್ಷವಿಡೀ ಧೂಳು ತಿಂದ ವಾಹನವೂ ಆ ಒಂದು ದಿನ ಮದುವಣಿಗನಂತೆ ನಿಲ್ಲಬೇಕು. ಬಾನೆಟ್ಟಿಗೆ ಚೆಂಡುಹೂವಿನ ಹಾರ, ಗಾಜಿಗೆ ಕುಂಕುಮದ ಬೊಟ್ಟು, ಚಕ್ರದಡಿಗೆ ನಿಂಬೆಹಣ್ಣು. ಸರಸ್ವತೀಪುರದ ಒಂದು ಮನೆಯಲ್ಲಿ ಈ ಹುರುಪು ಅಣ್ಣತಮ್ಮಂದಿರ ನಡುವೆ ಸಣ್ಣದೊಂದು ವ್ಯಾಜ್ಯಕ್ಕೆ ಕಾರಣವಾಯಿತು. ವ್ಯಾಜ್ಯದ ವಸ್ತು, ಶೆಡ್ಡಿನಲ್ಲಿ ನಿಂತಿದ್ದ ಕಡುನೀಲಿ ಬಣ್ಣದ ಅಂಬಾಸಿಡರ್ ಕಾರು.

ಮನೆಯ ಯಜಮಾನರು ಅದನ್ನು ಕೊಂಡದ್ದು 1984ರಲ್ಲಿ. 2014ರಲ್ಲಿ ಅಂಬಾಸಿಡರಿನ ತಯಾರಿಕೆಯೇ ನಿಂತುಹೋದಾಗ, ಇನ್ನು ಇದಕ್ಕೆ ತಮ್ಮಂದಿರು ಹುಟ್ಟುವುದಿಲ್ಲವೆಂದು ನಕ್ಕು, ಅಂದಿನಿಂದ ಅದನ್ನು ಮತ್ತಷ್ಟು ಜೋಪಾನ ಮಾಡಿದ್ದರು. ಅವರು ತೀರಿಕೊಂಡ ಮೇಲೆ ಕಾರು ಮಂಕಾಯಿತು. ನೀಲಿಯ ಮೇಲೆ ಬೂದಿ ಬಳಿದಂತಹ ಪೊರೆಯೊಂದು ಕವಿಯಿತು. ಹಬ್ಬಕ್ಕೆಂದು ಬೆಂಗಳೂರಿನಿಂದ ಬಂದ ಕಿರಿಯ ಮಗನಿಗೆ ಅದನ್ನು ನೋಡಿ ಸಂಕಟವಾಯಿತು. ಯಂತ್ರ ಹಿಡಿದು ಒಂದೇ ದಿನದಲ್ಲಿ ಕನ್ನಡಿಯಂತೆ ಮಾಡಿಬಿಡುತ್ತೇನೆಂದನು. “ಅಪ್ಪ ಕೈಯಲ್ಲೇ ಒರೆಸುತ್ತಿದ್ದರು ಕಣೋ, ಯಂತ್ರಗಿಂತ್ರ ಬೇಡ” ಎಂದು ಹಿರಿಯನು ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ.

ಅವನು ತಂದ ಯಂತ್ರವಾದರೂ ಎಂಥದು? ಕಬ್ಬಿಣದ ಸರಳು ಕತ್ತರಿಸುವ ಗ್ರೈಂಡರು. ಅದರ ಮೂತಿಗೆ ಕುರಿಯುಣ್ಣೆಯ ಬಿಲ್ಲೆಯೊಂದನ್ನು ತಿರುಪಿ ಸಿಕ್ಕಿಸಿದ್ದನು. ಇನ್ನೇನು ಗುಂಡಿ ಒತ್ತಬೇಕು, ಅಷ್ಟರಲ್ಲಿ ಹಿರಿಯನು ಕರೆಸಿದ್ದ ಪೇಂಟರ್ ಮೇಸ್ತ್ರಿ ಗೇಟಿನೊಳಗೆ ಕಾಲಿಟ್ಟರು. ಬಂದವರು ಮಾತನಾಡಲಿಲ್ಲ, ನೇರವಾಗಿ ಗೋಡೆಯ ಬಳಿಗೆ ಹೋಗಿ ಪ್ಲಗ್ಗನ್ನು ಕಿತ್ತರು.

“ಸ್ವಾಮಿ, ಇದು ನಿಮಿಷಕ್ಕೆ ಹನ್ನೊಂದು ಸಾವಿರ ಸುತ್ತು ಸುತ್ತುತ್ತೆ. ಪಾಲಿಷ್ ಮೆಷೀನು ಆರುನೂರರಿಂದ ಮೂರು ಸಾವಿರ. ನೋಡೋಕೆ ಅಣ್ಣತಮ್ಮ, ಬುದ್ಧಿ ಮಾತ್ರ ಬೇರೆ ಬೇರೆ.”

ಅಂಗಳದ ಕಟ್ಟೆಯ ಮೇಲೆ ಕುಳಿತು ತಾಯಿಯವರು ಹುಣಿಸೆಹಣ್ಣಿನಿಂದ ಹಿತ್ತಾಳೆಯ ದೀಪಗಳನ್ನು ತಿಕ್ಕುತ್ತಿದ್ದರು. ಮೇಸ್ತ್ರಿ ಅತ್ತ ಕೈ ತೋರಿದರು. ಅಮ್ಮಾವರು ದೀಪಕ್ಕೆ ಹೊಳಪು ಕೊಡುತ್ತಿಲ್ಲ, ಮೇಲಿನ ಕಿಲುಬನ್ನು ತೆಗೆಯುತ್ತಿದ್ದಾರೆ; ಕಾರಿಗೂ ಅದೇ ನ್ಯಾಯ, ಆದರೆ ದೀಪಕ್ಕಿರುವ ದಪ್ಪ ಬಣ್ಣಕ್ಕಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ಲೆಕ್ಕ ಹಾಕಿ ನೋಡಿದರೆ ಎದೆ ಝಲ್ಲೆನ್ನುವ ಸಂಗತಿಯಿದು. ಇಂದಿನ ಕಾರುಗಳಲ್ಲಿ ಬಣ್ಣದ ಮೇಲೆ ಪಾರದರ್ಶಕವಾದ ಒಂದು ಲೇಪವಿರುತ್ತದೆ. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನು. ಒಂದು ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು; ಮನುಷ್ಯನ ತಲೆಗೂದಲೇ ಸುಮಾರು 70 ಮೈಕ್ರಾನು ದಪ್ಪವಿರುತ್ತದೆ. ಬಿಸಿಲು, ಮಳೆ, ಕಾಗೆಯ ಹಿಕ್ಕೆ ಎಲ್ಲವನ್ನೂ ತಡೆಯುವ ರಕ್ಷಾಕವಚ ಕೂದಲಿಗಿಂತ ತೆಳು! ಹಳೆಯ ಅಂಬಾಸಿಡರಿಗೆ ಆ ಕವಚವೂ ಇಲ್ಲ. ಅಲ್ಲಿ ಬಣ್ಣವೇ ಕವಚ, ಕವಚವೇ ಬಣ್ಣ. ಬಿಲ್ಲೆಗೆ ನೀಲಿ ಹತ್ತಿದರೆ ಹೆದರಬೇಕಾಗಿಲ್ಲ, ಸತ್ತ ಮೇಲ್ಪದರ ಹೋಗುತ್ತಿದೆಯೆಂದು ತಿಳಿಯಬಹುದು. ಹೊಸ ಕಾರಿನಲ್ಲಿ ಹಾಗೆ ಬಣ್ಣ ಹತ್ತಿತೆಂದರೆ ಮಾತ್ರ ಕವಚ ಹರಿದಿದೆಯೆಂದೇ ಅರ್ಥ.

ಮೇಸ್ತ್ರಿ ತಮ್ಮ ಗ್ಯಾರೇಜಿನಿಂದ ರೋಟರಿ ಯಂತ್ರವನ್ನು ತರಿಸಿದರು. ಆದರೆ ಯಂತ್ರಕ್ಕೆ ಮೊದಲು ನಡೆದ ಶಾಸ್ತ್ರಗಳು ಒಂದು ಉಪನಯನಕ್ಕಾಗುವಷ್ಟಿದ್ದವು. ಕಾರನ್ನು ಎರಡು ಬಾರಿ ತೊಳೆಸಿದರು; ಒಂದು ಕಣ ಮರಳು ಉಳಿದರೂ ಯಂತ್ರವು ಅದನ್ನೇ ಲೇಖನಿಯಾಗಿ ಹಿಡಿದು ಬಣ್ಣದ ಮೇಲೆ ವೃತ್ತಗಳನ್ನು ಬರೆಯುತ್ತದೆ. ಲೋಹ ಬಿಸಿಯಾಗಿರಬಾರದೆಂದು ನೆರಳಿನಲ್ಲಿಯೇ ನಿಲ್ಲಿಸಿದರು. ರಬ್ಬರು, ಪ್ಲಾಸ್ಟಿಕ್ಕು, ಬಾಗಿಲಿನ ಚೂಪಾದ ಅಂಚುಗಳು, ಇವುಗಳಿಗೆಲ್ಲ ಕಾಗದದ ಟೇಪು ಅಂಟಿಸಿದರು. ಬಣ್ಣ ಬಳಿಯುವಾಗ ಚೂಪಾದ ಅಂಚಿನಲ್ಲಿ ಅದು ನಿಲ್ಲದೆ ಇಳಿದುಹೋಗುತ್ತದೆ. ಉಜ್ಜುವಾಗಲೋ ಯಂತ್ರದ ಭಾರವೆಲ್ಲ ಆ ತೆಳುವಾದ ಗೆರೆಯ ಮೇಲೆಯೇ ಬೀಳುತ್ತದೆ. ಕಾರುಗಳು ಕೆಡುವುದು ಹೆಚ್ಚಾಗಿ ಅಲ್ಲಿಯೇ.

ಅನಂತರ ಮನುಷ್ಯರ ಸರದಿ. ಹೆಗಲ ಮೇಲಿನ ಟವೆಲು ಕೆಳಗಿಳಿಯಿತು. ಪಂಚೆಯ ಜಾಗಕ್ಕೆ ಪ್ಯಾಂಟು ಬಂದಿತು. ಹಿರಿಯನ ಜನಿವಾರ ಅಂಗಿಯೊಳಗೆ ಭದ್ರವಾಯಿತು. ತಿರುಗುವ ಯಂತ್ರಕ್ಕೆ ದಾರವೂ ಒಂದೇ, ಬೆರಳೂ ಒಂದೇ. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ. ತೊಳೆದ ನೀರು ನೆಲದಿಂದ ಪೂರ್ತಿ ಆರುವವರೆಗೂ ತಂತಿ ಬಿಚ್ಚಲಿಲ್ಲ. ಬಿಚ್ಚಿದ ಮೇಲೆ ಅದನ್ನು ಹೆಗಲ ಮೇಲಿಂದ ಬೆನ್ನ ಹಿಂದಕ್ಕೆ ಇಳಿಬಿಟ್ಟುಕೊಂಡರು. ಮುಂದೆ ಜೋತಾಡಿದರೆ ಬಿಲ್ಲೆಗೂ ಸಿಕ್ಕೀತು, ಬಣ್ಣವನ್ನೂ ಗೀರೀತು. ಬಿಲ್ಲೆಯನ್ನು ಬದಲಿಸಬೇಕಾದಾಗಲೆಲ್ಲ ಮೊದಲು ಪ್ಲಗ್ಗು ಕೀಳುವುದು. ಈ ಒಂದು ವಿಷಯದಲ್ಲಿ ಮೇಸ್ತ್ರಿಯದು ಸನ್ಯಾಸಿಯ ನಿಷ್ಠೆ.

ಕೆಲಸ ಮೊದಲಾದದ್ದು ಛಾವಣಿಯಿಂದ. ಬಿಲ್ಲೆಗೆ ಕಾಂಪೌಂಡನ್ನು ನಾಲ್ಕೇ ತೊಟ್ಟು ಹಾಕಿ, ಅದನ್ನು ಬಣ್ಣದ ಮೇಲೆ ಮಟ್ಟಸವಾಗಿ ಊರಿ, ಆಮೇಲೆ ಗುಂಡಿ ಒತ್ತಿದರು. ಗಾಳಿಯಲ್ಲಿ ತಿರುಗಿಸಿ ತಂದು ಇಟ್ಟರೆ ಕಾಂಪೌಂಡು ಗೋಡೆಗೆ ಓಕುಳಿಯಾಗುತ್ತದೆ, ಯಂತ್ರವು ಹಾರಿ ಕೈತಪ್ಪುತ್ತದೆ. ಮೊದಲು 600 ಸುತ್ತಿನಲ್ಲಿ ಹರಡಿ, ಬಳಿಕ 1,200ರ ಆಸುಪಾಸಿಗೆ ಏರಿಸಿ, ಒಂದೂವರೆ ಅಡಿ ಚೌಕದಷ್ಟೇ ಜಾಗದಲ್ಲಿ ಅತ್ತಿಂದಿತ್ತ ನಿಧಾನವಾಗಿ ಸಾಗಿದರು. ಕೈ ಒತ್ತಲಿಲ್ಲ, ಯಂತ್ರದ ತೂಕವೇ ಸಾಕು. ಕಿರಿಯನಿಗೆ ಇದು ಸೋಮಾರಿತನವೆಂದು ತೋರಿತು. ಆದರೆ ಕಷ್ಟವಿರುವುದೇ ಇಲ್ಲಿ. ಈಚಿನ ಮತ್ತೊಂದು ಬಗೆಯ ಯಂತ್ರಗಳಲ್ಲಿ ಬಿಲ್ಲೆಯು ತಿರುಗುತ್ತಲೇ ಓಲಾಡುತ್ತದೆ; ಅಳತೆಮೀರಿ ಒತ್ತಿದರೆ ತಾನಾಗಿ ತಿರುಗುವುದನ್ನು ನಿಲ್ಲಿಸುತ್ತದೆ. ಕಲಿಯುವವರಿಗೆ ಅದೇ ಲೇಸು. ರೋಟರಿಗೆ ಅಂಥ ದಾಕ್ಷಿಣ್ಯವಿಲ್ಲ. ಒಂದೇ ಅಚ್ಚಿನ ಸುತ್ತ ಹಟ ಹಿಡಿದು ತಿರುಗುತ್ತದೆ. ನಿಂತಲ್ಲೇ ನಿಂತರೆ ಶಾಖವೇರಿ ಬಣ್ಣ ಮೆತ್ತಗಾಗಿ ಸುಡುತ್ತದೆ. ಅದಕ್ಕೇ ಮೇಸ್ತ್ರಿ ಆಗಾಗ ಯಂತ್ರ ನಿಲ್ಲಿಸಿ, ಜ್ವರ ನೋಡುವಂತೆ ಅಂಗೈಯ ಹಿಂಬದಿಯನ್ನು ಲೋಹಕ್ಕೆ ಮುಟ್ಟಿಸುತ್ತಿದ್ದರು. ಅಂಚಿನ ಬಳಿಗೆ ಬಂದಾಗ ಬಿಲ್ಲೆಯು ಅಂಚಿನಿಂದ ಹೊರಕ್ಕೆ ಸುತ್ತುವಂತೆ ಹಿಡಿಯುತ್ತಿದ್ದರು. ಅಂಚಿಗೆ ಇದಿರಾಗಿ ಸುತ್ತಿದರೆ ಅದು ಕಚ್ಚಿಕೊಳ್ಳುತ್ತದೆ.

ಮಧ್ಯಾಹ್ನದ ವೇಳೆಗೆ ಛಾವಣಿಯಲ್ಲಿ ತೆಂಗಿನ ಗರಿಗಳ ನೆರಳು ಕಾಣತೊಡಗಿತು. ಕಿರಿಯನ ಮುಖವೂ ಹಾಗೆಯೇ ಹೊಳೆಯಿತು. ಒಂದು ಬಾಗಿಲನ್ನು ಮೇಸ್ತ್ರಿ ಅವನ ಕೈಗೂ ಕೊಟ್ಟರು. ಹಿಂದೆ ನಿಂತು ತಾವೇ ತಂತಿ ಹಿಡಿದುಕೊಂಡರು.

ಪ್ರತಿಯೊಂದು ಭಾಗಕ್ಕೂ ಮೊದಲು ಮೇಸ್ತ್ರಿ ಅಂಗೈಯಗಲದ ಒಂದು ಮಾಪಕವನ್ನು ಇಟ್ಟು ಬಣ್ಣದ ದಪ್ಪ ನೋಡುತ್ತಿದ್ದರು. ಛಾವಣಿಯಲ್ಲಿ 140 ಎಂದಿತ್ತು, ಬಾಗಿಲುಗಳಲ್ಲಿ 120ರ ಮೇಲೆಯೇ. ಬಾನೆಟ್ಟಿನ ಮುಂದಿನ ಬಾಗಿಗೆ ಬಂದಾಗ ಅವರು ಮಾಪಕವನ್ನು ಒರೆಸಿ ಎರಡನೆಯ ಸಲ ಇಟ್ಟರು, ಮೂರನೆಯ ಸಲ ಇಟ್ಟರು. 55. ಕಣ್ಣು ಹತ್ತಿರ ಒಯ್ದು ನೋಡಿದರೆ ನೀಲಿಯ ಕೆಳಗೆ ಪ್ರೈಮರಿನ ಬೂದುಬಣ್ಣ ಇಣುಕುವಂತಿತ್ತು.

“ಇಲ್ಲಿ ಯಾರೋ ಬಹಳ ಉಜ್ಜಿದ್ದಾರೆ. ಮೆಷೀನಲ್ಲ, ಕೈ.”

ತಾಯಿಯವರು ದೀಪವನ್ನು ಕೆಳಗಿಟ್ಟರು. “ಭಾನುವಾರ ಬಂದರೆ ಹಳೇ ಬನಿಯನ್ನು ಹಿಡ್ಕೊಂಡು ಅಲ್ಲಿಂದಲೇ ಶುರು ಮಾಡೋರು. ಕಾಂಪೌಂಡಿನ ಡಬ್ಬಿ ಮೊದಲು ಅಲ್ಲಿಗೇ. ಬಾಗಿಲಿಗೆ ಬರೋ ಹೊತ್ತಿಗೆ ಕೈ ಸೋಲುತ್ತಿತ್ತು, ಕಾಫಿ ಕೇಳೋರು.”

ಅಣ್ಣತಮ್ಮಂದಿರು ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ಮೇಸ್ತ್ರಿ ಆ ಬಾಗಿನ ಸುತ್ತ ಟೇಪು ಅಂಟಿಸಿ ಗಡಿ ಹಾಕಿದರು. ಅದರ ಹೊರಗೆ ಯಂತ್ರ ಸಾಗಿತು. ಒಳಗೆ ಕಾಂಪೌಂಡನ್ನೂ ಸೋಕಿಸಲಿಲ್ಲ, ಮೆತ್ತನೆಯ ಬಟ್ಟೆಯಲ್ಲಿ ಮೇಣವನ್ನಷ್ಟೇ ಸವರಿದರು. ಸವರಿದವನು ಕಿರಿಯ ಮಗ.

ಪೂಜೆಯ ದಿನ ಕಾರು ಅಂಗಳಕ್ಕೆ ಬಂದಿತು. ಬೀದಿಯ ಹುಡುಗರು ಬಾಗಿಲುಗಳಲ್ಲಿ ಮುಖ ನೋಡಿಕೊಂಡರು. ಮುಂದಿನ ಬಾಗು ಮಾತ್ರ ಉಳಿದೆಡೆಗಿಂತ ಒಂದು ಛಾಯೆ ಮಂಕಾಗಿಯೇ ಇತ್ತು. ಹಾರವನ್ನು ತುಸು ಇಳಿಸಿ ಕಟ್ಟಿದರೆ ಅದು ಮರೆಯಾಗುತ್ತದೆಂದು ಹಿರಿಯನು ಸೂಚಿಸಿದನು. ತಾಯಿಯವರು ಬೇಡವೆಂದರು, ಕುಂಕುಮದ ಬೊಟ್ಟನ್ನು ಅಲ್ಲಿಯೇ ಇಟ್ಟರು.