ಹೂತ ಗಾಲಿಯೂ ಹಾರಿದ ಕೊಕ್ಕೆಯೂ

ಎಂಟು ವರ್ಷದ ಹಿಂದೆ ನನ್ನ ಬಳಿ ಹತ್ತನೇ ತರಗತಿ ಓದಿದ ಹುಡುಗನೊಬ್ಬ ಕಳೆದ ಮೇ ತಿಂಗಳ ಒಂದು ಭಾನುವಾರ ಹೊಳೆನರಸೀಪುರದ ನಮ್ಮ ಮನೆಗೆ ಬಂದ. ಅವನ ಬೆನ್ನಿಗೇ ಅಪ್ಪನೂ ಬಂದರು. ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟ ಇರುವವರು. ಹುಡುಗ ಅರಕಲಗೂಡಿನ ಹೊಗೆಸೊಪ್ಪು ಬೆಳೆಗಾರರೊಬ್ಬರಿಂದ ಹಳೆಯ ಜೀಪು ಕೊಂಡಿದ್ದ. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವ ಜೀಪು. ಮಳೆಗಾಲ ಹಿಡಿಯುವ ಮುಂಚೆ ಅದಕ್ಕೆ ಬೇಕಾದ ಸಲಕರಣೆಗಳ ಪಟ್ಟಿಯೊಂದನ್ನು ಬರೆದು ತಂದಿದ್ದ. ಎರಡು ಹಾಳೆ. ಮೊದಲನೆಯ ಸಾಲಿನಲ್ಲೇ ವಿಂಚು.

"ಮೇಷ್ಟ್ರೇ, ಇವ್ನಿಗೆ ನೀವಾದ್ರೂ ಒಂದ್ ಮಾತು ಹೇಳಿ" ಎಂದರು ಅಪ್ಪ. "ಕೆಸರಿಗೆ ಹೋಗೋಕ್ ಒಂದು ಜೀಪು. ಅಲ್ಲಿಂದ ಈಚೆಗ್ ಬರೋಕೆ ಇನ್ನೊಂದು ಜೀಪಿನ ದುಡ್ಡಂತೆ."

ನಾನು ಬಿ.ಎಸ್ಸಿ., ಬಿ.ಎಡ್. ಮಾಡಿದ ವಿಜ್ಞಾನದ ಮೇಷ್ಟ್ರು. ಜೀಪು ಇಟ್ಟವನಲ್ಲ. ಆದರೆ ಈ ವಿಷಯದಲ್ಲಿ ನನಗೊಂದು ಮಾತು ಹೇಳುವ ಅಧಿಕಾರ ಇದೆಯೆಂದು ನಾನು ತಿಳಿದಿದ್ದೇನೆ. ಆ ಅಧಿಕಾರ ಬಂದದ್ದು ಓದಿನಿಂದಲ್ಲ.

ಹಾಸನಕ್ಕೆ ಸುಮಾರು 20 ಕಿ.ಮೀ. ದೂರದ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯನ್ನು ನೀವು ನೋಡಿರಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಮಳೆಗಾಲದಲ್ಲಿ ಹಿನ್ನೀರಿನೊಳಗೆ ನಿಲ್ಲುತ್ತದೆ, ಬೇಸಿಗೆಯಲ್ಲಿ ಬಯಲಿಗೆ ಬರುತ್ತದೆ. ಕೆಲವು ವರ್ಷಗಳ ಹಿಂದೆ ನಾವು ಮೂರು ಸಂಸಾರದವರು ಬಾಡಿಗೆಯ ವ್ಯಾನು ಮಾಡಿಕೊಂಡು ಹೋಗಿದ್ದೆವು. ನೀರು ಹಿಂದೆ ಸರಿದು ನೆಲ ಬಿರುಕು ಬಿಟ್ಟು ಒಣಗಿದಂತಿತ್ತು. ಜನ ಓಡಾಡುತ್ತಿದ್ದರು. ಇಗರ್ಜಿಯ ಹತ್ತಿರಕ್ಕೇ ಹೋಗೋಣವೆಂದು ಚಾಲಕ ವ್ಯಾನು ಇಳಿಸಿದ. ಬೇಡ ಎನ್ನಲು ನನಗೂ ತೋಚಲಿಲ್ಲ. ಐವತ್ತು ಮಾರು ಹೋಗುವುದರೊಳಗೆ ಹಿಂದಿನ ಗಾಲಿಗಳು ಹೂತವು.

ಇಲ್ಲಿ ಒಂದು ಸಣ್ಣ ಲೆಕ್ಕವಿದೆ. ಅಂದೇ ಮಾಡಬೇಕಿತ್ತು, ಆಮೇಲೆ ಮಾಡಿದೆ. ಅರವತ್ತು ಕಿಲೋ ತೂಕದ ಮನುಷ್ಯ ಎರಡು ಪಾದ ಊರಿ ನಿಂತರೆ ನೆಲದ ಮೇಲೆ ಬೀಳುವ ಒತ್ತಡ ಚದರ ಸೆಂಟಿಮೀಟರಿಗೆ ಕಾಲು ಕಿಲೋ ಆಸುಪಾಸು. ಕಾರಿನ ಟೈರಿನಲ್ಲಿ 32 ಪಿಎಸ್‌ಐ ಗಾಳಿಯಿದ್ದರೆ ಅದು ನೆಲವನ್ನು ಒತ್ತುವುದು ಹೆಚ್ಚುಕಡಿಮೆ ಅಷ್ಟೇ ಒತ್ತಡದಿಂದ, ಅಂದರೆ ಚದರ ಸೆಂಟಿಮೀಟರಿಗೆ ಎರಡೂಕಾಲು ಕಿಲೋ. ಒಂಬತ್ತು ಪಟ್ಟು! ಮೇಲೆ ಒಣಗಿದ ಹೆಪ್ಪು, ಕೆಳಗೆ ಹಸಿ ಗೋಡು. ಆ ಹೆಪ್ಪು ಮನುಷ್ಯನನ್ನು ಹೊರುತ್ತದೆ, ವ್ಯಾನನ್ನು ಹೊರುವುದಿಲ್ಲ. ಮನುಷ್ಯರ ಹೆಜ್ಜೆ ನೋಡಿ ಗಾಡಿ ಇಳಿಸಬಾರದು. ಎಮ್ಮೆ ಹೋದ ಜಾಡು ನೋಡಬೇಕು. ಗೊರಸು ಹೂತು ನೀರು ಒಸರಿದ್ದರೆ ಅಲ್ಲಿಂದಲೇ ಹಿಂದಿರುಗಬೇಕು.

ಚಾಲಕ ಗಾಬರಿಯಿಂದ ಆಕ್ಸಿಲರೇಟರು ಒತ್ತಿದ. ಎಲ್ಲರೂ ಮಾಡುವ ತಪ್ಪೇ ಅದು. ಗಾಲಿ ನೆಲವನ್ನು ಹಿಡಿದು ಉರುಳುವಾಗ ಕೆಲಸ ಮಾಡುವುದು ಸ್ಥಾಯೀ ಘರ್ಷಣೆ. ಗಾಲಿ ಸುತ್ತತೊಡಗಿದೊಡನೆ ಅದು ಜಾರು ಘರ್ಷಣೆಯಾಗುತ್ತದೆ, ಹಿಡಿತ ಇನ್ನೂ ಕಡಿಮೆ. ಜೊತೆಗೆ ಗಾಲಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಎರಡು ನಿಮಿಷದಲ್ಲಿ ವ್ಯಾನಿನ ಹೊಟ್ಟೆ ನೆಲಕ್ಕೆ ತಾಗಿತು.

ಹತ್ತಿರದ ಹೊಲದಿಂದ ಟ್ರ್ಯಾಕ್ಟರು ಬಂತು. ಹಳೆಯ ಹಗ್ಗ, ಅದರ ತುದಿಗೆ ಕಬ್ಬಿಣದ ಕೊಕ್ಕೆ. ನಿಧಾನವಾಗಿ ಎಳೆದಾಗ ಟ್ರ್ಯಾಕ್ಟರಿನ ಗಾಲಿಯೂ ಜಾರಿತು. ಸರಿ, ಹಗ್ಗ ಸಡಿಲ ಬಿಟ್ಟು, ಹಿಂದೆ ಬಂದು, ಓಡಿಸಿಕೊಂಡು ಹೋಗಿ ಜಗ್ಗುವುದೆಂದು ತೀರ್ಮಾನವಾಯಿತು. ನಾನು ಹಗ್ಗದಿಂದ ಒಂದು ಮಾರು ದೂರದಲ್ಲಿ ನಿಂತು 'ಹಾಂ, ಬರಲಿ' ಎಂದು ಕೈಬೀಸುತ್ತಿದ್ದೆ. ನನ್ನ ಮಗಳಿಗೆ ಆಗ ಹನ್ನೊಂದು ವರ್ಷ. ವ್ಯಾನಿನ ಹಿಂಬದಿಯಲ್ಲಿ ನಿಂತು ನೋಡುತ್ತಿದ್ದವಳನ್ನು ಅವರಮ್ಮ ನೀರಿನ ಬಾಟಲಿ ತರಲು ಕರೆದಳು. ಅವಳು ಹೋದಳು. ಹಗ್ಗ ಕಿತ್ತಿತು. ಕೊಕ್ಕೆ ವ್ಯಾನಿನ ಹಿಂದಿನ ಗಾಜನ್ನು ಒಡೆದು ಒಳಗಿನ ಸೀಟಿಗೆ ಹೊಡೆದು ಬಿತ್ತು. ಮಗಳು ನಿಂತಿದ್ದ ಜಾಗ ಆ ಗಾಜಿನ ಮುಂದೆ.

ಆ ವಾರವೇ ನಾನು ತರಗತಿಯಲ್ಲಿ ಚಲನ ಶಕ್ತಿಯ ಪಾಠ ಮುಗಿಸಿದ್ದೆ. ಸೂತ್ರ ಬರೆಸಿ, ಲೆಕ್ಕ ಮಾಡಿಸಿ, ಅಂಕ ಕೊಟ್ಟಿದ್ದೆ.

ಎರಡು ಟನ್ ತೂಕದ ಟ್ರ್ಯಾಕ್ಟರು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಬಂದರೆ, ಅಂದರೆ ಗಂಟೆಗೆ ಏಳು ಕಿ.ಮೀ., ಅದರ ಚಲನ ಶಕ್ತಿ 4,000 ಜೌಲ್. ಹಿಗ್ಗದ ಹಗ್ಗ ಅದನ್ನು ಹತ್ತು ಸೆಂಟಿಮೀಟರಿನಲ್ಲಿ ತಡೆದರೆ ಹಗ್ಗದ ಮೇಲೆ ಬೀಳುವ ಸರಾಸರಿ ಬಲ ನಾಲ್ಕು ಟನ್ ತೂಕಕ್ಕೆ ಸಮ. ಅದೇ ಶಕ್ತಿಯನ್ನು ಒಂದು ಮೀಟರು ಹಿಗ್ಗುವ ಪಟ್ಟಿ ತಡೆದರೆ ಬಲ ಅದರ ಹತ್ತನೆಯ ಒಂದು ಪಾಲು, ನಾನೂರು ಕಿಲೋ. ಇನ್ನು ಕೊಕ್ಕೆಯ ಲೆಕ್ಕ. ಆ 4,000 ಜೌಲಿನಲ್ಲಿ ನೂರಕ್ಕೆ ಹತ್ತು ಪಾಲು ಮಾತ್ರ ಒಂದು ಕಿಲೋ ಕಬ್ಬಿಣಕ್ಕೆ ಸಿಕ್ಕಿತೆನ್ನಿ. ಅದು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಹಾರುತ್ತದೆ. ಕ್ರಿಕೆಟ್ ಚೆಂಡು ತೂಗುವುದು 160 ಗ್ರಾಂ ಆಸುಪಾಸು. ಅದಕ್ಕೇ ಹೆಲ್ಮೆಟ್ಟು, ಪ್ಯಾಡು ಎಲ್ಲ ಕಟ್ಟಿಕೊಳ್ಳುತ್ತಾರೆ.

ಇದನ್ನೆಲ್ಲ ಹುಡುಗನಿಗೆ ಹೇಳಿ, ಅವನ ಪಟ್ಟಿಯನ್ನು ತಲೆಕೆಳಗು ಮಾಡಿದೆ. ಕೊನೆಯಲ್ಲಿದ್ದ ಸಲಿಕೆ ಮೊದಲಿಗೆ ಬಂತು. ಹುಡುಗ ನಕ್ಕ. ಅಮೆರಿಕದ ಸೈನ್ಯದ ಕೈಪಿಡಿಯ ಒಂದು ಅಂದಾಜು ಹೇಳಿದೆ: ವಾಹನ ಗಾಲಿಯ ಮಟ್ಟಕ್ಕೆ ಹೂತರೆ ಎಳೆಯಲು ಅದರ ತೂಕದಷ್ಟೇ ಬಲ ಬೇಕು, ಮಡ್‌ಗಾರ್ಡಿನ ಮಟ್ಟಕ್ಕಾದರೆ ಎರಡರಷ್ಟು, ಇನ್ನೂ ಮೇಲಕ್ಕಾದರೆ ಮೂರರಷ್ಟು. ಗಾಲಿಯ ಮುಂದಿನ ಮಣ್ಣನ್ನು ಇಳಿಜಾರಾಗಿ ತೆಗೆದು ಹೊಟ್ಟೆಯ ಕೆಳಗಿನ ಕೆಸರು ಬಿಡಿಸಿದರೆ ಟನ್‌ಗಟ್ಟಲೆ ಬಲ ಉಳಿಯಿತು. ಅರ್ಧ ಗಂಟೆ ಬೆವರು ಸುರಿಸಿದರೆ ಅರ್ಧ ವಿಂಚು ಉಳಿದಂತೆ.

ನಮ್ಮ ತಾತ ಎತ್ತಿನ ಗಾಡಿಯಲ್ಲಿ ಆಲೂಗೆಡ್ಡೆ ಹಾಸನದ ಸಂತೆಗೆ ಸಾಗಿಸುತ್ತಿದ್ದವರು. ಗಾಡಿ ಹೂತರೆ ಅವರು ಮೊದಲು ಮಾಡುತ್ತಿದ್ದುದು ಎತ್ತುಗಳ ಕೊರಳು ಬಿಚ್ಚುವುದು; ಆಮೇಲೆ ಮೂಟೆ ಇಳಿಸುವುದು. ಬಾರುಕೋಲು ಎತ್ತಿದ್ದನ್ನು ನಾನು ಕಂಡಿಲ್ಲ. ನಾವು ಹುಡುಗರು ಚಕ್ರದ ಕೆಳಭಾಗಕ್ಕೆ ಕೈ ಹಾಕಿದರೆ ಬೈಯುತ್ತಿದ್ದರು: "ಮೇಲ್ ಹಿಡೀರೋ, ಮೇಲೆ!" ನೆಲಕ್ಕೆ ತಾಗಿದ ಬಿಂದುವನ್ನು ಆಧಾರವೆಂದುಕೊಂಡರೆ ಚಕ್ರವೇ ಒಂದು ಸನ್ನೆಗೋಲು, ಅಚ್ಚಿನ ಮಟ್ಟದಲ್ಲಿ ತಳ್ಳುವುದಕ್ಕಿಂತ ನೆತ್ತಿಯಲ್ಲಿ ತಳ್ಳಿದರೆ ಎರಡರಷ್ಟು ಫಲ. ತಾತ ಶಾಲೆಗೆ ಹೋದವರಲ್ಲ.

ಸಲಿಕೆಯ ನಂತರ ಗಾಲಿಯ ಕೆಳಗೆ ಹಾಕುವ ಹಲಗೆ. ಈಗ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಹಲ್ಲುಹಲ್ಲಾಗಿ ಬರುತ್ತವೆ. ಇವುಗಳ ಕತೆ ಸ್ವಾರಸ್ಯವಾಗಿದೆ. 1920ರ ದಶಕದ ಕೊನೆಯಲ್ಲಿ ರಾಲ್ಫ್ ಬ್ಯಾಗ್ನಾಲ್ಡ್ ಎಂಬ ಬ್ರಿಟಿಷ್ ಸೈನ್ಯದ ಎಂಜಿನಿಯರ್ ಈಜಿಪ್ಟ್, ಲಿಬಿಯಾದ ಮರಳುಗಾಡಿನಲ್ಲಿ ಫೋರ್ಡ್ ಕಾರು ಓಡಿಸಲು ಹೊರಟ. ಕೈರೋದ ಗುಜರಿ ಅಂಗಡಿಯಲ್ಲಿ, ಮೊದಲನೆಯ ಮಹಾಯುದ್ಧದ ಕಂದಕಗಳಿಗೆ ಸೂರು ಹೊದಿಸಲು ಮಾಡಿದ್ದ ಉಕ್ಕಿನ ತೋಡುಪಟ್ಟಿಗಳು ಅವನ ಕಣ್ಣಿಗೆ ಬಿದ್ದವು. ಗಾಲಿಯ ಕೆಳಗೆ ಅವನ್ನೇ ಹಾಸಿದ. ಟೈರಿನ ಗಾಳಿ ಇಳಿಸಿದರೆ ಟೈರು ಚಪ್ಪಟೆಯಾಗಿ, ತಾಗುವ ಜಾಗ ಹೆಚ್ಚಿ, ಒತ್ತಡ ಕಡಿಮೆಯಾಗುವುದನ್ನೂ ಕಂಡುಕೊಂಡ. ಆ ಅಲೆದಾಟದ ಫಲವಾಗಿ ಗಾಳಿ ಮರಳನ್ನು ಹೇಗೆ ಸಾಗಿಸುತ್ತದೆಂಬ ಬಗ್ಗೆ 1941ರಲ್ಲಿ ಅವನ ಗ್ರಂಥ ಬಂತು. ವಿಜ್ಞಾನಿಗಳು ಇಂದಿಗೂ ಅದನ್ನು ಓದುತ್ತಾರೆ. ಆದ್ದರಿಂದ ಪಟ್ಟಿಯಲ್ಲಿ ಗಾಳಿಯ ಒತ್ತಡ ಅಳೆಯುವ ಗೇಜು ಮತ್ತು ಪಂಪು ಮೂರನೆಯವು. ಗಾಳಿ ಇಳಿಸಿದ ಮೇಲೆ ತುಂಬದೆ ಟಾರು ರಸ್ತೆಗೆ ಬಂದರೆ ಟೈರು ಕಾದು ಹಾಳಾಗುತ್ತದೆ. ಪಂಪಿಲ್ಲದವನು ಗಾಳಿ ಇಳಿಸಬಾರದು.

ಆಮೇಲೆ ಹಗ್ಗ. ಇಲ್ಲಿ ಅಪ್ಪ ಬಾಯಿ ಹಾಕಿದರು: "ನಮ್ಮಲ್ಲಿ ತೆಂಗಿನ ನಾರಿನ ಹಗ್ಗ ಬೇಕಾದಷ್ಟಿದೆ." ಬಾವಿಗೆ ಸರಿ, ದನಕ್ಕೆ ಸರಿ, ಜೀಪಿಗೆ ಅಲ್ಲ. ಅಂಗಡಿಗಳಲ್ಲಿ ಭಾರ ಎತ್ತುವ ಪಾಲಿಯೆಸ್ಟರ್ ಬೆಲ್ಟು ಸಿಗುತ್ತದೆ. ಅದಕ್ಕೆ ಬಣ್ಣದ ಗುರುತಿದೆ: ನೇರಳೆ ಒಂದು ಟನ್, ಹಸಿರು ಎರಡು, ಹಳದಿ ಮೂರು, ಕೆಂಪು ಐದು. ಅದು ಹೆಚ್ಚು ಹಿಗ್ಗದು. ನಿಧಾನವಾಗಿ ಎಳೆಯಲು ಅಥವಾ ಮರಕ್ಕೆ ಸುತ್ತಲು ಮಾತ್ರ. ಓಡಿಬಂದು ಜಗ್ಗುವ ಕೆಲಸಕ್ಕೆ ನೈಲಾನಿನ ಹಿಗ್ಗುವ ಪಟ್ಟಿಯೇ ಬೇರೆ. ಅದರ ತಾಳಿಕೆ ವಾಹನದ ಒಟ್ಟು ತೂಕದ ಎರಡರಿಂದ ಮೂರು ಪಟ್ಟು ಇರಬೇಕು, ತುದಿಯಲ್ಲಿ ಕಬ್ಬಿಣದ ಕೊಕ್ಕೆ ಇರಕೂಡದು. ಎರಡು ಪಟ್ಟಿಗಳನ್ನು ನಡುವೆ ಶ್ಯಾಕಲ್ ಹಾಕಿ ಜೋಡಿಸಕೂಡದು. ಪಟ್ಟಿ ಕಿತ್ತರೆ ಅದೇ ಫಿರಂಗಿ ಗುಂಡು.

ಶ್ಯಾಕಲ್ ಕೊಳ್ಳುವಾಗ ಅದರ ಮೈಮೇಲೆ ಎಷ್ಟು ಟನ್ನೆಂದು ಅಚ್ಚೊತ್ತಿರಬೇಕು. ಮುಕ್ಕಾಲು ಅಂಗುಲದ ಒಳ್ಳೆಯ ಶ್ಯಾಕಲ್ಲಿಗೆ 4.75 ಟನ್ ಎಂದಿರುತ್ತದೆ. ಅಚ್ಚಿಲ್ಲದ್ದು ಎಷ್ಟು ಹೊಳೆದರೂ ಗೇಟಿಗೆ ಹಾಕಿಕೊಳ್ಳಬಹುದು, ಅಷ್ಟೆ. ಇನ್ನು ಅದನ್ನು ಸಿಕ್ಕಿಸುವುದು ಎಲ್ಲಿಗೆ? ಛಾಸಿಗೆ ಬೋಲ್ಟಾದ ಗಟ್ಟಿ ಕೊಂಡಿಗೆ. ಬಂಪರಿಗಲ್ಲ. ಟ್ರೈಲರು ಕಟ್ಟುವ ಉಕ್ಕಿನ ಗುಂಡಿಗಂತೂ ಖಂಡಿತ ಅಲ್ಲ. ಅದು ಮುರಿದು ಹಾರಿ ಜನ ಸತ್ತಿದ್ದಾರೆ.

ವಿಂಚು ಬೇಡವೇ ಬೇಡ ಎಂದು ನಾನು ಹೇಳಲಿಲ್ಲ. ಒಬ್ಬನೇ ಕಾಡುದಾರಿಯಲ್ಲಿ ಓಡಾಡುವವನಿಗೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ, ಸಾಮರ್ಥ್ಯ ವಾಹನದ ಒಟ್ಟು ತೂಕದ ಒಂದೂವರೆ ಪಟ್ಟು ಇರಬೇಕು. ಆದರೆ ಅದರ ಮೇಲೆ ಬರೆದ ಅಂಕಿ ಹಗ್ಗದ ಮೊದಲನೆಯ ಸುತ್ತಿಗೆ ಮಾತ್ರ. ಡ್ರಮ್ಮಿನ ಮೇಲೆ ಸುತ್ತಿನ ಮೇಲೆ ಸುತ್ತು ಬಂದಂತೆ ತ್ರಿಜ್ಯ ಹೆಚ್ಚಿ ಎಳೆಯುವ ಬಲ ಇಳಿಯುತ್ತದೆ. ಒಂದು ರಾಟೆ ಸಿಕ್ಕಿಸಿ ಹಗ್ಗವನ್ನು ಮಡಚಿ ತಂದರೆ ಬಲ ಸುಮಾರು ಇಮ್ಮಡಿ, ವೇಗ ಅರ್ಧ. ಎಂಟನೇ ತರಗತಿಯವನಿಗೂ ಗೊತ್ತಿರುವ ಸಂಗತಿ, ಪರೀಕ್ಷೆಯ ಹಾಲಿನಿಂದ ಹೊರಬಂದೊಡನೆ ಮರೆಯುವ ಸಂಗತಿ.

ತರಗತಿಯಲ್ಲಿ ನಾನೊಂದು ಆಟ ಆಡಿಸುತ್ತೇನೆ. ಇಬ್ಬರು ದಾಂಡಿಗ ಹುಡುಗರು ಹಗ್ಗದ ಎರಡು ತುದಿ ಹಿಡಿದು ಜಗ್ಗಬೇಕು. ಸಣ್ಣಗಿರುವ ಹುಡುಗಿಯೊಬ್ಬಳು ನಡುವೆ ಒಂದು ಕೈಯಿಂದ ಅದುಮುತ್ತಾಳೆ. ದಾಂಡಿಗರು ಮುಂದಕ್ಕೆ ಬಂದುಬಿಡುತ್ತಾರೆ! ಹಗ್ಗ ಐದು ಡಿಗ್ರಿ ಬಾಗಿದಾಗ ತುದಿಗಳ ಮೇಲಿನ ಎಳೆತ ಅವಳು ಅದುಮಿದ ಬಲದ ಐದೂಮುಕ್ಕಾಲು ಪಟ್ಟು. ಆದರೆ ಹತ್ತು ಮೀಟರ್ ಹಗ್ಗದಲ್ಲಿ ತುದಿ ಸರಿಯುವುದು ನಾಲ್ಕು ಸೆಂಟಿಮೀಟರಿಗಿಂತ ಕಡಿಮೆ. ಪುಕ್ಕಟೆ ಏನೂ ಸಿಗುವುದಿಲ್ಲ. ಇದನ್ನು ತರಗತಿಯಲ್ಲಿ ಮಾಡಿ. ಜೀಪಿಗೆ ಕಟ್ಟಿದ ಹಗ್ಗದಲ್ಲಿ ಮಾಡಬೇಡಿ. ಅಲ್ಲಿ ಹಗ್ಗದ ಹತ್ತಿರ ಯಾರೂ ಇರಕೂಡದು. ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ, ಅದೂ ಎಳೆತದ ನೇರಕ್ಕಲ್ಲ, ಬದಿಗೆ. ಹಗ್ಗದ ನಡುವೆ ಒದ್ದೆ ಗೋಣಿಚೀಲ ಹೊದಿಸಿದರೆ, ಕಿತ್ತರೂ ಅದರ ಭಾರಕ್ಕೆ ಹಗ್ಗ ನೆಲ ಕಚ್ಚುವ ಸಂಭವ ಹೆಚ್ಚು. ಈ ಗೋಣಿಚೀಲಕ್ಕೆ ಕಾಸಿಲ್ಲವೆಂದೋ ಏನೋ, ಹುಡುಗನ ಎರಡು ಹಾಳೆಯಲ್ಲಿ ಅದರ ಹೆಸರೇ ಇರಲಿಲ್ಲ.

ಮುಂದಿನ ವಾರ ಹಾಸನಕ್ಕೆ ಹೋಗಿ ಸಲಿಕೆ, ಗೇಜು, ಪಂಪು, ಅಚ್ಚಿರುವ ಎರಡು ಶ್ಯಾಕಲ್, ಹಳದಿ ಬೆಲ್ಟು, ಚರ್ಮದ ಕೈಗವಸು ಕೊಂಡೆವು. ಹಿಗ್ಗುವ ಪಟ್ಟಿಯನ್ನೂ ಹಲಗೆಗಳನ್ನೂ ಹುಡುಗ ಬೇರೆ ಕಡೆಯಿಂದ ತರಿಸಿಕೊಂಡ. ವಿಂಚಿನ ಮಾತು ಮುಂದಿನ ವರ್ಷಕ್ಕೆ.

ಜೂನಿನಲ್ಲಿ ಎರಡು ಹದ ಮಳೆ ಬಿದ್ದ ಮೇಲೆ ನನ್ನನ್ನು ತೋಟಕ್ಕೆ ಕರೆದರು. ಮಗಳೂ ಬಂದಳು, ಈಗ ಕಾಲೇಜಿಗೆ ಹೋಗುತ್ತಾಳೆ. ಕಟ್ಟೆಯ ಬದಿಯ ಹುದುಲಿನಲ್ಲಿ ಜೀಪನ್ನು ಬೇಕೆಂದೇ ಹೂತರು. ಹುಡುಗ ಅಗೆದ, ಗಾಳಿ ಇಳಿಸಿದ, ಹಲಗೆ ಒಂದೇ ಗಾಲಿಗೆ ಸರಿಯಾಗಿ ಸಿಕ್ಕಿತು. ಇನ್ನೊಂದಕ್ಕೆ ಅಪ್ಪ ನಾಲ್ಕು ತೆಂಗಿನ ಗರಿ ಎಳೆದು ತಂದು ತುರುಕಿದರು. ಆದರೂ ಜೀಪು ಅರ್ಧ ಮಾರು ಬಂದು ನಿಂತಿತು. ಕೊನೆಗೆ ನೆರೆಯವರ ಟ್ರ್ಯಾಕ್ಟರಿಗೆ ಪಟ್ಟಿ ಕಟ್ಟಿ, ಗೋಣಿಚೀಲ ನೆನೆಸಿ ಹೊದಿಸಿದ್ದಾಯಿತು.

"ಅಪ್ಪ, ಅಲ್ ನಿಲ್ಬೇಡ, ಆಚೆ ಹೋಗು" ಎಂದ ಹುಡುಗ.

"ನಂಗೇನ್ ಆಯ್ತದೋ" ಎಂದು ಗೊಣಗುತ್ತ ಅವರು ನಾಲ್ಕು ಹೆಜ್ಜೆ ಸರಿದರು. ನನ್ನ ಮಗಳು ಹೋಗಿ ಅವರ ತೋಳು ಹಿಡಿದು ಹೆಜ್ಜೆ ಎಣಿಸುತ್ತ ಬದುವಿನ ಆಚೆಗೆ ಕರೆದುಕೊಂಡು ಹೋದಳು. ಅಲ್ಲಿಂದಲೇ ಕೂಗಿದಳು: "ಅಣ್ಣಾ, ಹದಿನೈದಾಯ್ತು. ಇನ್ನೊಂದು ಹತ್ತು ಹೆಜ್ಜೆ ಹೋಗ್ತೀವಿ, ತಾಳಿ."