ಬಾಗಿಲಿಗೆ ಆನಿಸಿದ್ದ ಕಬ್ಬಿಣ

ಬೆಟಗೇರಿಯ ಆ ಲೇಥ್ ಅಂಗಡಿಯ ಬಾಗಿಲು ಗಾಳಿಗೆ ಬಡಿಯದಂತೆ ಒಂದು ಬೀಡಿನ ತುಂಡನ್ನು ಆನಿಸಿಟ್ಟು ಎಷ್ಟು ವರ್ಷವಾಗಿತ್ತೋ, ಯಜಮಾನರಿಗೇ ನೆನಪಿರಲಿಲ್ಲ. ಹುಬ್ಬಳ್ಳಿಯ ಗುಜರಿಯಲ್ಲಿ ಹಳೆಯ ಯಂತ್ರವೊಂದನ್ನು ಕೊಂಡಾಗ ಜೊತೆಗೆ ಬಂದದ್ದು. ಮೈಮೇಲೆ ಎರಡು ಪದರ ಹಸಿರು ಬಣ್ಣ, ಅದರ ಮೇಲೆ ಎಣ್ಣೆ ಧೂಳಿನ ಇನ್ನೊಂದು ಪದರ. ಖಂಡೇನವಮಿಯ ದಿನ ಎಲ್ಲ ಯಂತ್ರಗಳ ಜೊತೆ ಅದಕ್ಕೂ ಒಂದು ಕುಂಕುಮದ ಬೊಟ್ಟು ಬೀಳುತ್ತಿತ್ತು. ಉಳಿದ ದಿನಗಳಲ್ಲಿ ಅದು ಕಾಲಿಗೆ ಎಡವುವ ವಸ್ತು.

ಅಂಗಡಿಯಲ್ಲಿದ್ದದ್ದು ಹರಿಹರದ ಲೇಥ್. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇಂದು ಇಲ್ಲ. ಅದರ ಲೇಥ್ ಮಾತ್ರ ಇಲ್ಲಿ ತಿರುಗುತ್ತಲೇ ಇದೆ. ಶಿರಹಟ್ಟಿಯ ಟ್ರ್ಯಾಕ್ಟರ್, ಲಕ್ಷ್ಮೇಶ್ವರದ ಒಕ್ಕಣೆ ಯಂತ್ರ, ಮುಂಡರಗಿಯ ಪಂಪ್‌ಸೆಟ್ಟು, ಏನು ಕೆಟ್ಟರೂ ಒಂದಲ್ಲ ಒಂದು ಭಾಗ ಆ ಬಾಗಿಲಿಗೆ ಬರುತ್ತಿತ್ತು. ಯಜಮಾನರು ಮೂವತ್ತು ವರ್ಷ ಡ್ರಿಲ್‌ಗಳನ್ನು ಕೈಯಲ್ಲೇ ಸಾಣೆ ಹಿಡಿದವರು. ಕಲ್ಲಿಗೆ ಒಮ್ಮೆ ತಾಗಿಸಿ, ಮಣಿಕಟ್ಟನ್ನು ತುಸು ಕೆಳಗಿಳಿಸಿ, ತಿರುವಿ, ಮತ್ತೊಮ್ಮೆ ತಾಗಿಸಿದರೆ ಮುಗಿಯಿತು. ಅಳತೆ ಕಣ್ಣಿನಲ್ಲೇ ಇತ್ತು. ಆ ಬಲಗೈ ನಡುಗತೊಡಗಿದ ಮೇಲೆ ಸಾಣೆಯ ಕೆಲಸ ಐಟಿಐನಲ್ಲಿ ಟರ್ನರ್ ಓದುತ್ತಿದ್ದ ಮಗನ ಪಾಲಿಗೆ ಬಂತು.

ಮುಂಡರಗಿಯ ರೈತರೊಬ್ಬರ ಪಂಪಿನ ಕಪ್ಲಿಂಗ್‌ಗೆ ಹುಡುಗ ನಾಲ್ಕು ತೂತು ಹಾಕಿಕೊಟ್ಟ. ಡ್ರಿಲ್ 12 ಮಿಲಿಮೀಟರಿನದು; ತೂತು ಬಂದದ್ದು ಅದಕ್ಕಿಂತ ಸುಮಾರು ಅರ್ಧ ಮಿಲಿಮೀಟರ್ ದೊಡ್ಡದು. ಬೋಲ್ಟುಗಳು ಲೊಡಲೊಡ ಎಂದವು. ರೈತರು ಅದನ್ನು ಹಿಂದಕ್ಕೆ ತಂದಾಗ ಅಪ್ಪ ಬೈಯಲಿಲ್ಲ. ತಮ್ಮ ಖರ್ಚಿನಲ್ಲಿ ಹೊಸ ತುಂಡು ಹಾಕಿ ತಾವೇ ಕಡೆಯಲು ನಿಂತರು. ಬೈದಿದ್ದರೆ ಹುಡುಗ ಅಂದು ರಾತ್ರಿ ಊಟ ಮಾಡುತ್ತಿದ್ದನೇನೋ.

ತಪ್ಪು ಎಲ್ಲಿದೆಯೆಂದು ಅವನಿಗೆ ಭೂತಗನ್ನಡಿಯಲ್ಲಿ ಕಂಡಿತು. ಡ್ರಿಲ್ಲಿನ ತುದಿಯಲ್ಲಿ ಕಬ್ಬಿಣ ಕತ್ತರಿಸುವ ತುಟಿಗಳು ಎರಡು. ಎರಡರ ಉದ್ದವೂ ಕೋನವೂ ಒಂದೇ ಇರಬೇಕು. ಒಂದು ತುಟಿ ಉದ್ದವಾದರೆ ಮೊನೆ ನಡುವಿನಿಂದ ಸರಿಯುತ್ತದೆ, ತೂತು ಡ್ರಿಲ್ಲಿಗಿಂತ ದೊಡ್ಡದಾಗುತ್ತದೆ. ಕೋನ ಬೇರೆಯಾದರೆ ಒಂದು ತುಟಿ ದುಡಿಯುತ್ತದೆ, ಇನ್ನೊಂದು ಸುಮ್ಮನೆ ಸುತ್ತುತ್ತದೆ. ತುಟಿಯ ಹಿಂಭಾಗ ಎಂಟರಿಂದ ಹನ್ನೆರಡು ಡಿಗ್ರಿಯಷ್ಟು ಇಳಿಜಾರಾಗಿಯೂ ಇರಬೇಕು. ಇಲ್ಲದಿದ್ದರೆ ಡ್ರಿಲ್ ಕತ್ತರಿಸುವುದಿಲ್ಲ, ಉಜ್ಜಿ ಕಿರುಚುತ್ತದೆ. ಅಮೆರಿಕದ ಸ್ಟೀಫನ್ ಮೋರ್ಸ್ 1863ರಲ್ಲಿ ಈ ಸುರುಳಿ ಡ್ರಿಲ್ಲಿಗೆ ಪೇಟೆಂಟ್ ಪಡೆದ. ಅಂದಿನಿಂದ ಅದನ್ನು ಸರಿಯಾಗಿ ಸಾಣೆ ಹಿಡಿಯುವ ತಲೆನೋವೂ ಜಗತ್ತಿಗೆ ಅಂಟಿಕೊಂಡಿದೆ.

ಮರುದಿನ ಕಸ ಗುಡಿಸುವಾಗ ಬಾಗಿಲ ಬಳಿಯ ಕಬ್ಬಿಣದಲ್ಲಿ, ಬಣ್ಣ ಎದ್ದ ಕಡೆ, ಒಂದು ಅಂಕಿ ಕಂಡಿತು: 59. ಹುಡುಗ ಅದನ್ನು ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಹಾಕಿ ತಂತಿ ಬ್ರಷ್ಷಿನಿಂದ ಮೆಲ್ಲಗೆ ತಿಕ್ಕಿದ. ಎಮರಿ ಕಾಗದ ಮುಟ್ಟಲಿಲ್ಲ. ಅಂಕಿ ಅಳಿದರೆ ಹಳೆಯ ಸಾಧನ ಮೂಕವಾದಂತೆಯೇ. ಕಮಾನಿನಂಥ ಪಟ್ಟಿಯ ಮೇಲೆ 41, 49, 59, 68, 88 ಎಂದು ಸಾಲಾಗಿ ಕಂಡವು. ಡ್ರಿಲ್ ಮಲಗಿಸಲು ವಿ ಆಕಾರದ ತೋಡು, ಹಿಂದೆ ತಳ್ಳಿ ನಿಲ್ಲಿಸುವ ತಿರುಪು, ಮುಂದೆ ತುಟಿಗೆ ಆನುವ ಪುಟ್ಟ ಬೆರಳು, ಕೆಳಗೆ ಓರೆಯಾಗಿ ನಿಂತ ತಿರುಗುಗೂಟ. ಅವನ ಪುಸ್ತಕದಲ್ಲಿದ್ದದ್ದು 118 ಡಿಗ್ರಿ. ಈ ಕಬ್ಬಿಣದಲ್ಲಿ 118 ಎಲ್ಲಿಯೂ ಇಲ್ಲ.

"ಎರಡೂ ಕಡೀದು ಕೂಡ್ಸಿ ನೋಡು" ಎಂದರು ಅಪ್ಪ, ತಲೆ ಎತ್ತದೆ.

ಐವತ್ತೊಂಬತ್ತರ ಎರಡರಷ್ಟು ನೂರಾ ಹದಿನೆಂಟು! 68 ಎಂದರೆ 136, ಗಡಸು ಉಕ್ಕಿಗೆ. 41 ಎಂದರೆ 82, ಇಂಚಿನ ಸ್ಕ್ರೂಗಳ ತಲೆ ಕೂರುವ ತಗ್ಗಿಗೆ. ಅಂಕಿ ಓದಲು ಬಂದ ಮೇಲೆ ಹೆಸರು ಅಳಿದ ಆ ವಸ್ತು ಏನೆಂಬುದರಲ್ಲಿ ಸಂಶಯ ಉಳಿಯಲಿಲ್ಲ. ಡ್ರಿಲ್ ಸಾಣೆ ಹಿಡಿಯುವ ಫಿಕ್ಸ್ಚರ್ ಅದು.

"ಹಂಗಾದ್ರ ಇಷ್ಟು ದಿನ ಯಾಕ ಇದನ್ನ ಬಳಸಲಿಲ್ಲಪ್ಪಾ?"

"ಅದು ಕೈ ಬರಲಾರದವ್ರಿಗೆ ಮಾಡಿದ್ದು."

"ನನಗ ಕೈ ಬಂದಿಲ್ಲಲ್ಲ."

ಅಪ್ಪ ಲೇಥ್ ನಿಲ್ಲಿಸಿ, ಕೈ ಒರೆಸಿಕೊಂಡು ಬಂದು ಕುಕ್ಕರಗಾಲಲ್ಲಿ ಕುಳಿತರು. ತೋಡಿನಲ್ಲಿ ನೇರವಾದ ಸರಳೊಂದನ್ನಿಟ್ಟು ಒತ್ತಿ ನೋಡಿದರು, ಅಲ್ಲಾಡಲಿಲ್ಲ. ಗೂಟವೂ ಸವೆದಿರಲಿಲ್ಲ. ಆದರೆ ಈ ಜಾತಿಯ ಫಿಕ್ಸ್ಚರ್ ಸಾಣೆಕಲ್ಲಿನ ಬದಿಯನ್ನು ಬಳಸುತ್ತದೆ. ಮಾಮೂಲಿ ಕಲ್ಲಿನ ಬದಿಗೆ ಒತ್ತಡ ಬಿದ್ದರೆ ಅದು ಸಿಡಿಯಬಹುದು. ಬದಿಯಿಂದ ಅರೆಯಲೆಂದೇ ಮಾಡಿದ ಕಲ್ಲು ಬರುವವರೆಗೆ ಕೈ ಹಚ್ಚಬೇಡ ಎಂದರು. ಕಲ್ಲು ಬಂದಾಗ ಅದರ ಮೇಲಿನ ವೇಗದ ಅಂಕಿ ಗ್ರೈಂಡರಿನ ವೇಗಕ್ಕಿಂತ ಹೆಚ್ಚಿದೆಯೇ ಎಂದು ನೋಡಿದರು. ಬೆರಳಿಗೆ ತೂಗುಹಾಕಿ ಮರದ ಹಿಡಿಯಿಂದ ತಟ್ಟಿದರು. ಗಂಟೆಯಂತೆ ನುಡಿದರೆ ಗಟ್ಟಿ, ಬೊದ್ದಾದರೆ ಬಿರುಕು. ಅದು ನುಡಿಯಿತು. ಕಣ್ಣಿಗೆ ಕನ್ನಡಕ ಹಾಕಿಕೊಳ್ಳದೆ ಗ್ರೈಂಡರ್ ಶುರು ಮಾಡಲು ಬಿಡಲಿಲ್ಲ. ತಾವು ಮಾತ್ರ ಜೀವಮಾನದಲ್ಲಿ ಹಾಕಿಕೊಂಡವರಲ್ಲ!

ಮೊದಲ ಡ್ರಿಲ್ ಹಾಳಾಯಿತು. ಅವಸರದಲ್ಲಿ ಒತ್ತಿದ್ದಕ್ಕೆ ತುದಿ ನೀಲಿಗಟ್ಟಿತು. ಕಿಡಿಗಳು ಬೆಳ್ಳಗೆ ಕವಲೊಡೆದು ಸಿಡಿಯುವುದನ್ನು ತೋರಿಸಿ ಅಪ್ಪ ಹೇಳಿದರು, ಇದು ಕಾರ್ಬನ್ ಉಕ್ಕು, ನೀಲಿಯಾದರೆ ಹದ ಹೋಯಿತು. ಹೈಸ್ಪೀಡ್ ಉಕ್ಕಿನ ಕಿಡಿ ಕಡಿಮೆ, ಮಂಕು ಕೆಂಪು, ಅದು ಹೆಚ್ಚು ಬಿಸಿ ತಾಳುತ್ತದೆ, ಆದರೆ ಕಾದದ್ದನ್ನು ಫಕ್ಕನೆ ನೀರಿಗೆ ಅದ್ದಿದರೆ ಸೀಳುತ್ತದೆ. ಈ ಪಾಠ ಪುಸ್ತಕದಲ್ಲೂ ಇತ್ತು. ನೀಲಿ ಬಣ್ಣವನ್ನು ಕಣ್ಣಾರೆ ಕಂಡ ಮೇಲೆಯೇ ಅದು ತಲೆಗೆ ಇಳಿದದ್ದು.

ಎರಡನೆಯದನ್ನು ಅವನು ತೋಡಿನಲ್ಲಿ ಮಲಗಿಸಿ, ತುಟಿಯನ್ನು ಬೆರಳಿಗೆ ಆನಿಸಿ, 59ಕ್ಕೆ ಬಿಗಿದ. ಹಗುರವಾಗಿ ತಾಗಿಸಿ, ತಿರುಗುಗೂಟದ ಸುತ್ತ ಒಂದೇ ಸಮ ಬೀಸಿದ. ಗೂಟದ ಓರೆಯೇ ತುಟಿಯ ಹಿಂದಿನ ಇಳಿಜಾರನ್ನು ತಾನಾಗಿ ಕಡೆಯುತ್ತಿತ್ತು. ಮೂವತ್ತು ವರ್ಷ ಅಪ್ಪನ ಮಣಿಕಟ್ಟು ಇಳಿಯುತ್ತಿದ್ದದ್ದು ಹೀಗೆಯೇ. ಹಿಂದಿನ ತಿರುಪನ್ನು ಮುಟ್ಟದೆ ಡ್ರಿಲ್ಲನ್ನು ಅರ್ಧ ಸುತ್ತು ತಿರುಗಿಸಿ, ಇನ್ನೊಂದು ತುಟಿಯನ್ನು ಅದೇ ಬೆರಳಿಗೆ ಆನಿಸಿದ. ಉದ್ದ ಸಮನಾಗುವ ಗುಟ್ಟೆಲ್ಲ ಆ ಮುಟ್ಟದ ತಿರುಪಿನಲ್ಲಿದೆ.

ಚೂರುಪಾರು ಬಿದ್ದಿದ್ದ ಪಟ್ಟಿಯೊಂದರ ಮೇಲೆ ತೂತು ಹಾಕಿದಾಗ ಡ್ರಿಲ್ಲಿನ ಎರಡೂ ಕಡೆಯಿಂದ ಒಂದೇ ದಪ್ಪದ ಸುರುಳಿಗಳು ಎದ್ದುಬಂದವು. ಅಪ್ಪ ಬೋಲ್ಟನ್ನು ತೂತಿಗೆ ಇಳಿಸಿದರು, ತಿರುವಿದರು, ಹೊರತೆಗೆದರು. ಮತ್ತೆ ಇಳಿಸಿದರು. ಲೊಡ ಎನ್ನಲಿಲ್ಲ. "ಆ ಆರು ಮಿಲಿಮೀಟರಿಂದೂ ಹಿಡದು ಕೊಡು, ಶಿರಹಟ್ಟಿ ಕೆಲಸ ಐತಿ" ಎಂದು ಮೊಂಡಾದ ಡ್ರಿಲ್ಲೊಂದನ್ನು ಮುಂದೆ ಚಾಚಿದರು. ಚಾಚಿದ ಕೈ ನಡುಗುತ್ತಲೇ ಇತ್ತು. ಹುಡುಗ ಅದನ್ನು ತೆಗೆದುಕೊಂಡ.

ಅಷ್ಟರಲ್ಲಿ ಗಾಳಿ ಬೀಸಿ ಬಾಗಿಲು ಧಡಾರೆಂದು ಬಡಿಯಿತು. ಇಬ್ಬರೂ ಒಮ್ಮೆಲೇ ತಿರುಗಿ ನೋಡಿದರು.