ಹಳೆಯ ಕ್ಯಾಮರಾದ ಪಥ್ಯ

ಯಂತ್ರಗಳು ಸಾಯುವುದಕ್ಕಿಂತ ಹಸಿದು ಮಲಗುವುದೇ ಹೆಚ್ಚು. ಆ ಹಸಿವನ್ನೇ ಮರಣವೆಂದು ಬಗೆದು ಎಷ್ಟೋ ಒಳ್ಳೆಯ ಉಪಕರಣಗಳನ್ನು ನಾವು ಗುಜರಿಯವನ ತಕ್ಕಡಿಗೆ ಒಪ್ಪಿಸಿಬಿಡುತ್ತೇವೆ. ಹದಿನೈದಿಪ್ಪತ್ತು ವರ್ಷಗಳ ಹಿಂದಿನ ಡಿಜಿಟಲ್ ಕ್ಯಾಮರಾಗಳ ವಿಷಯದಲ್ಲಂತೂ ಈ ಮಾತು ಅಕ್ಷರಶಃ ನಿಜ.

ನನ್ನ ತಮ್ಮನು 2006ರಲ್ಲಿ ಅಂಥದೊಂದು ಕ್ಯಾಮರಾವನ್ನು ಕೊಂಡಿದ್ದನು. ಮರುವರ್ಷ ನಾವೆಲ್ಲರೂ ಯಲಬುರ್ಗಾದಿಂದ ಇಟಗಿಗೆ ಹೋದೆವು. ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು 1112ರಲ್ಲಿ ಕಟ್ಟಿಸಿದ, ಶಾಸನವು ‘ದೇವಾಲಯ ಚಕ್ರವರ್ತಿ’ಯೆಂದು ಹೊಗಳಿರುವ ಆ ಗುಡಿಯಲ್ಲಿ ತಮ್ಮನು ಅವ್ವನ ಏಳು ಚಿತ್ರಗಳನ್ನು ತೆಗೆದನು. ಅಂದು ಕಾರ್ಡು ಇರಲಿಲ್ಲವಾದ್ದರಿಂದ ಅವು ಕ್ಯಾಮರಾದ ಒಡಲಿನ ಸ್ಮೃತಿಕೋಶದಲ್ಲಿಯೇ ಉಳಿದವು. ಮುಂದೆ ಅವ್ವ ತೀರಿಕೊಂಡಳು. ಕ್ಯಾಮರಾ ತಮ್ಮನ ಟ್ರಂಕು ಸೇರಿತು. ವರ್ಷಗಳ ಮೇಲೆ ತೆಗೆದು ನೋಡಿದರೆ ಅದು ಕಣ್ಣು ತೆರೆಯಲೊಲ್ಲದು. ಅಂಗಡಿಯವರೊಬ್ಬರು ಕೈಯಲ್ಲಿ ಹಿಡಿದು ತಿರುಗಿಸಿ, “ಒಳಗೆ ಸುಟ್ಟಿದೆ, ಹೊಸದು ತಗೋರಿ” ಎಂದರು. ಹೊಸದನ್ನು ಕೊಳ್ಳಬಹುದು, ಆ ಏಳು ಚಿತ್ರಗಳನ್ನು ಎಲ್ಲಿ ಕೊಳ್ಳುವುದು?

ಇಂಥ ಸ್ಮೃತಿಕೋಶಕ್ಕೆ ಬರೆದದ್ದನ್ನು ಕಾಯ್ದಿಡಲು ವಿದ್ಯುತ್ತು ಬೇಡ. ಓದಿ ಹೇಳುವುದಕ್ಕೆ ಮಾತ್ರ ಬೇಕು. ಈ ಒಂದು ಸಂಗತಿಯನ್ನು ನಂಬಿಕೊಂಡು ನಾನು ಪರೀಕ್ಷೆಗೆ ತೊಡಗಿದೆನು.

ಮೊದಲನೆಯದು ಸೆಲ್ಲು. ಗೋಡೆಯ ಗಡಿಯಾರವು ಹನಿ ಹನಿಯಾಗಿ ಕುಡಿಯುವ ಪ್ರಾಣಿ. ಕ್ಯಾಮರಾ ಗುಟುಕಿಗೆ ಬಿಂದಿಗೆ ಬರಿದುಮಾಡುವಂಥದು. ಮಸೂರವನ್ನು ಹೊರಚಾಚುವಾಗಲೂ ಫ್ಲಾಶಿಗೆ ಶಕ್ತಿ ತುಂಬುವಾಗಲೂ ಅದು ಒಮ್ಮೆಲೇ ಬಹಳ ಪ್ರವಾಹವನ್ನು ಎಳೆಯುತ್ತದೆ. ಅಗ್ಗದ ಸಾಮಾನ್ಯ ಸೆಲ್ಲಿನ ಒಳತಡೆ ಹೆಚ್ಚಾದುದರಿಂದ ಆ ಕ್ಷಣದಲ್ಲಿ ಅದರ ವೋಲ್ಟೇಜು ಕುಸಿಯುವುದು. ಕ್ಯಾಮರಾ ‘ಬ್ಯಾಟರಿ ಮುಗಿಯಿತು’ ಎಂದು ಕಣ್ಣು ಮುಚ್ಚುವುದು. ನಿಕ್ಕಲ್ ಮೆಟಲ್ ಹೈಡ್ರೈಡ್ ಎಂಬ ಮರುತುಂಬುವ ಸೆಲ್ಲಿನ ಮೇಲೆ 1.5ರ ಬದಲು 1.2 ವೋಲ್ಟೆಂದು ಬರೆದಿದ್ದರೂ ಭಾರ ಬಿದ್ದಾಗ ಅದೇ ಗಟ್ಟಿಯಾಗಿ ನಿಲ್ಲುತ್ತದೆ. ಆದರೆ ಹಳೆಯ ಬಗೆಯ ಇಂಥ ಸೆಲ್ಲುಗಳು ಸುಮ್ಮನಿಟ್ಟರೂ ಕೆಲವು ವಾರಗಳಲ್ಲಿ ಸೊರಗುವುದರಿಂದ ಅವನ್ನು ಹೊಸದಾಗಿ ತುಂಬಿಯೇ ಪರೀಕ್ಷಿಸಬೇಕು. ಹೊಸದನ್ನೂ ಹಳೆಯದನ್ನೂ ಒಂದೇ ಜೋಡಿಯಲ್ಲಿ ಕೂಡಿಸಲಾಗದು. ದುರ್ಬಲ ಎತ್ತು ಬಲವಾದ ಎತ್ತನ್ನೂ ತಡೆಯುವಂತೆ ಆಗುತ್ತದೆ.

ತುಂಬಿದ ಸೆಲ್ಲುಗಳಿಂದಲೂ ನಮ್ಮ ಕ್ಯಾಮರಾ ಏಳಲಿಲ್ಲ. ಎರಡನೆಯದು ಸಂಪರ್ಕ. ದೀಪ ಹಿಡಿದು ನೋಡಲು, ಸ್ಪ್ರಿಂಗಿನ ಬುಡದಲ್ಲಿ ಬಿಳಿಯ ಹರಳುಗಳು ಕಂಡವು. ಒಳಗೆ ಉಳಿದಿದ್ದ ಆಲ್ಕಲೈನ್ ಸೆಲ್ಲಿನ ಕ್ಷಾರವು ಸೋರಿ ಲೋಹವನ್ನು ಮುಚ್ಚಿತ್ತು. ಕ್ಷಾರಕ್ಕೆ ಹುಳಿಯೇ ಮದ್ದು. ಹತ್ತಿ ಸುತ್ತಿದ ಕಡ್ಡಿಯನ್ನು ನಿಂಬೆಯ ರಸದಲ್ಲಿ ಅದ್ದಿ, ಹಿಂಡಿ, ಮೃದುವಾಗಿ ಉಜ್ಜಿದೆನು. ಬಳಿಕ ಸ್ಪಿರಿಟ್ಟಿನಿಂದ ಒರೆಸಿ ಒಂದು ಹಗಲು ಒಣಗಗೊಟ್ಟೆನು. ಆಗಲೂ ಮೌನ!

ಮೂರನೆಯದು ಬಾಗಿಲು. ಸೆಲ್ಲುಗಳ ಮನೆಯ ಮುಚ್ಚಳವು ಬಿಗಿಯಾಗಿ ಕೂತಾಗ ಮಾತ್ರ ಒಳಗಿನ ಚಿಕ್ಕ ಗುಂಡಿ ಒತ್ತಲ್ಪಟ್ಟು ಕ್ಯಾಮರಾಕ್ಕೆ ಅಪ್ಪಣೆ ದೊರೆಯುವುದು. ನಮ್ಮದರ ಕೊಕ್ಕೆ ಸವೆದು ಮುಚ್ಚಳವು ಕೂದಲೆಳೆಯಷ್ಟು ಎದ್ದಿತ್ತು. ಬೆರಳಿನಿಂದ ಒತ್ತಿ ಹಿಡಿದೆನು. ಮಸೂರವು ಗುರ್ರೆಂದು ಹೊರಬಂದಿತು. ದಿನಾಂಕವನ್ನು ಕೇಳಿತು, ಏಕೆಂದರೆ ಗಡಿಯಾರವನ್ನು ಕಾಯುವ ಒಳಗಿನ ಪುಟ್ಟ ಸೆಲ್ಲು ಬರಿದಾಗಿತ್ತು. ಸುಟ್ಟದ್ದು ಏನೂ ಇರಲಿಲ್ಲ. ಒಂದು ರಬ್ಬರ್ ಪಟ್ಟಿ ಬಿಗಿದು, ತಂತಿಯ ಮೂಲಕ ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡೆನು.

ಏಳರಲ್ಲಿ ಐದು ಅಲುಗಿವೆ. ಒಂದರಲ್ಲಿ ಅವ್ವ ನಮ್ಮತ್ತ ನೋಡುತ್ತಿಲ್ಲ. ಕಡೆದ ಕಂಬದ ನುಣುಪನ್ನು ಅಂಗೈಯಿಂದ ಪರೀಕ್ಷಿಸುತ್ತಿದ್ದಾಳೆ, ಬೀಸುವ ಕಲ್ಲು ಕೊಳ್ಳುವಾಗ ನೋಡುತ್ತಿದ್ದಂತೆಯೇ.

ಲಿಥಿಯಂ ಬ್ಯಾಟರಿಯುಳ್ಳ ಕ್ಯಾಮರಾ ತಮ್ಮಲ್ಲಿದ್ದರೆ ವಾಚಕರು ಒಂದು ಎಚ್ಚರಿಕೆಯನ್ನು ಪಾಲಿಸಬೇಕು: ಉಬ್ಬಿದ ಬ್ಯಾಟರಿಯನ್ನು ಚುಚ್ಚಬಾರದು, ಮತ್ತೆ ತುಂಬಲೂ ಬಾರದು, ಕಸದ ಬುಟ್ಟಿಗೆ ಹಾಕದೆ, ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಬ್ಯಾಟರಿಯು ಯಾವ ಬಗೆಯದೇ ಇರಲಿ, ಕ್ಯಾಮರಾವನ್ನು ಬಹುದಿನ ಎತ್ತಿಡುವ ಮುನ್ನ ಅದನ್ನು ಹೊರತೆಗೆದಿಡುವುದು ಒಳ್ಳೆಯದು. ಕ್ಯಾಮರಾ ಒಲ್ಲೆನೆಂದ ಸಾಮಾನ್ಯ ಸೆಲ್ಲುಗಳನ್ನು ಗೋಡೆಯ ಗಡಿಯಾರಕ್ಕೆ ಹಾಕಿನೋಡಿರಿ. ಅದು ಇನ್ನೂ ಹಲವು ತಿಂಗಳು ನಡೆದೀತು.